ಕುರಿಯ ಲಿವರ್ ಮತ್ತು ಗೇಟಿನ ಬಳಿಯ ನಾಯಿ

ಮುಂಬೈ ಸುತ್ತಮುತ್ತಲಿನ ಪಾಲಿಕೆಗಳಿಗೆ ಹೊಸದಾಗಿ ಸೇರುವ ಪಶುವೈದ್ಯರಿಗೆ ಮಾಂಸ ತಪಾಸಣೆ ಕಲಿಸುತ್ತೇನೆ. ಹೋದ ತಂಡದಲ್ಲಿ ವಿಜಯಪುರದ ಹುಡುಗನೊಬ್ಬ ಇದ್ದ, ಬೀದರ್‌ನಲ್ಲಿ ಓದಿದವನು. ಒಂದು ಸಣ್ಣ ಕಸಾಯಿಖಾನೆಯಲ್ಲಿ ಕುರಿಯ ಲಿವರ್ ಅವನ ಕೈಗಿಟ್ಟೆ. "ಚಾಕು ಆಮೇಲೆ. ಮೊದಲು ಒತ್ತಿ ನೋಡಪ್ಪಾ" ಎಂದೆ.

ಒಳ್ಳೆಯ ಲಿವರ್ ನಯವಾಗಿರುತ್ತದೆ, ಅಂಚು ತೆಳ್ಳಗಿರುತ್ತದೆ. ಇದರಲ್ಲಿ ಗೋಲಿಯಂಥದ್ದೇನೋ ಬೆರಳಿಗೆ ತಾಗಿತು. ಬಿಳಿ ಪೊರೆ, ಒಳಗೆ ತಿಳಿನೀರು. "ಹೈಡಾಟಿಡ್ ಗುಳ್ಳೆ ಸರ್" ಎಂದ, ತಡವರಿಸದೆ. ಒಂದು ಜಾತಿಯ ಹುಳುವಿನ ಮರಿಗಳಿರುವ ಗುಳ್ಳೆ ಅದು. ಬೇಡವಾದದ್ದನ್ನು ಹಾಕುವ ಬಕೆಟ್ಟಿಗೆ ಎಸೆದ. ಬಕೆಟ್ಟಿಗೆ ಮುಚ್ಚಳ ಇರಲಿಲ್ಲ. ಗೇಟಿನ ಬಳಿ ನಾಲ್ಕು ನಾಯಿ ಕಾಯುತ್ತಿದ್ದವು.

ಅಲ್ಲೇ ನಿಲ್ಲಿಸಿ ಕೇಳಿದೆ: "ಈ ಲಿವರ್ ತಿಂದರೆ ನಮಗೆ ಈ ರೋಗ ಬರುತ್ತಾ?" ತಂಡದಲ್ಲಿ ಅರ್ಧ ಜನ ಹೌದು ಎಂದರು. ಇಲ್ಲ, ಬರುವುದಿಲ್ಲ. ಗುಳ್ಳೆಯನ್ನು ನಾಯಿ ತಿನ್ನಬೇಕು. ನಾಯಿಯ ಕರುಳಲ್ಲಿ ಅದು ಕೆಲವೇ ಮಿಲಿಮೀಟರ್ ಉದ್ದದ ಹುಳುವಾಗುತ್ತದೆ. ಹುಳುವಿನ ಮೊಟ್ಟೆ ನಾಯಿಯ ಹೇಲಲ್ಲಿ ಹೊರಬಂದು ಮಣ್ಣಿಗೆ, ಸೊಪ್ಪಿಗೆ, ಅಂಗಳದಲ್ಲಿ ಆಡುವ ಮಗುವಿನ ಕೈಗೆ ಸೇರುತ್ತದೆ. ಅಲ್ಲಿಂದ ಬಾಯಿಗೆ. ಆಮೇಲೆ ಮನುಷ್ಯನ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಅದೇ ಗುಳ್ಳೆ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಬರಬಹುದು. ಅಂದರೆ ನಮ್ಮ ತಪಾಸಣೆ ಮಾಂಸ ತಿನ್ನುವವರಿಗೆ ಮಾತ್ರ ಅಲ್ಲ. ಇದನ್ನು ತರಬೇತಿಯಲ್ಲಿ ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ಇನ್ನೊಂದು ಮಾತು. ಕೊಯ್ಯುವ ಮೊದಲು ಜೀವಂತ ಪ್ರಾಣಿಯನ್ನು ನೋಡುವುದನ್ನು ನಮ್ಮವರು ಬೇಗ ಮುಗಿಸಿಬಿಡುತ್ತಾರೆ. ಹುಚ್ಚುನಾಯಿ ಕಚ್ಚಿದ ಮೇಕೆಯ ಮಾಂಸದಲ್ಲಿ ಕಣ್ಣಿಗೆ ಏನೂ ಕಾಣದು. ಅದು ಕಾಣುವುದು ನಡಿಗೆಯಲ್ಲಿ, ಜೊಲ್ಲಿನಲ್ಲಿ, ಕೂಗಿನಲ್ಲಿ. ಅದಕ್ಕೇ ಮೊದಲ ದಿನ ಯಾರಿಗೂ ಚಾಕು ಕೊಡುವುದಿಲ್ಲ. ದೊಡ್ಡಿಯ ಪಕ್ಕ ಅರ್ಧ ಗಂಟೆ ಸುಮ್ನೆ ನಿಲ್ಲಿಸುತ್ತೇನೆ. ಮಂದೆಯಿಂದ ಯಾವುದು ಹಿಂದೆ ಉಳಿಯಿತು, ಯಾವುದು ಮೆಲುಕು ಹಾಕುತ್ತಿಲ್ಲ, ಯಾವುದು ಕಿವಿ ಜೋತುಬಿಟ್ಟು ನಿಂತಿದೆ, ಹೇಳಬೇಕು.

2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಒಬ್ಬ ಪಶುವೈದ್ಯ ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಜಾಸ್ತಿ ಪ್ರಾಣಿ ಪರೀಕ್ಷಿಸುವಂತಿಲ್ಲ. ಒಂದಕ್ಕೆ ಐದು ನಿಮಿಷ ಆಯಿತಲ್ವಾ? ಬಕ್ರೀದ್ ಹತ್ತಿರ ಬಂದಾಗ ಆ ಐದು ನಿಮಿಷಕ್ಕೆ ಪಟ್ಟು ಹಿಡಿಯುವುದು ಕಷ್ಟ. ವ್ಯಾಪಾರಿ ಹಿಂದೆ ನಿಂತು ಅವಸರ ಮಾಡುತ್ತಾನೆ, ಸಾಹೇಬರಿಂದ ಫೋನ್ ಬರುತ್ತದೆ. ಹೊಸಬರ ಬೆನ್ನಿಗೆ ಹಿರಿಯ ಅಧಿಕಾರಿ ನಿಲ್ಲದಿದ್ದರೆ ಯಾವ ಪಾಠವೂ ಉಳಿಯುವುದಿಲ್ಲ. ಇದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಆ ದಿನ ಹುಡುಗ ಬಕೆಟ್ಟಿನಿಂದ ಲಿವರ್ ವಾಪಸ್ ತೆಗೆದ. ಅಡ್ಡಡ್ಡ ಸೀಳಿ ಬಣ್ಣ ಸುರಿದ, ಯಾರೂ ಮಾರಬಾರದೆಂದು. ಆಮೇಲೆ ತಾನೇ ಹೊತ್ತುಕೊಂಡು ಹೋಗಿ ಸುಡುವ ಕುಲುಮೆಗೆ ಹಾಕಿ ಬಂದ. ಈಗ ಪ್ರತಿ ತಂಡದಲ್ಲೂ ಗುಳ್ಳೆ ಕಂಡವರೇ ಕುಲುಮೆಯವರೆಗೆ ಹೋಗಬೇಕು. ಅಲ್ಲಿಯವರೆಗೆ ಅವರ ಹೆಸರಿನ ಮುಂದೆ ನಾನು ಟಿಕ್ ಹಾಕುವುದಿಲ್ಲ.