ಗಿನಿ ಕೋಳಿಗೆ ಹುಳ ಹಿಡಿಯಲು ಕಲಿಸಬೇಕಿಲ್ಲ, ಮನೆಗೆ ಮರಳಲು ಕಲಿಸಬೇಕು

ಗಿನಿ ಕೋಳಿ ತಂದವರ ಮೊದಲ ದೂರು: "ಹೊರಗೆ ಬಿಟ್ಟ ದಿನವೇ ಹೋದವು, ಮತ್ತೆ ಬರಲೇ ಇಲ್ಲ." ಎರಡನೆಯದು: "ಗಿಡದ ಮೇಲಿನ ಹೇನು ಹಾಗೇ ಇದೆ, ಇವು ಏನೂ ಮಾಡಲಿಲ್ಲ." ಎರಡರಲ್ಲೂ ಹಕ್ಕಿಯ ತಪ್ಪಿಲ್ಲ. ಗೂಡಿಗೆ ಒಗ್ಗುವ ಮೊದಲೇ ಬಿಟ್ಟರೆ ಅದಕ್ಕೆ ಮರಳುವ ಜಾಗವೇ ಗೊತ್ತಿರುವುದಿಲ್ಲ. ಸಸ್ಯಹೇನು ಅದರ ಬೇಟೆಯೂ ಅಲ್ಲ. ಸಾಕುವ ಮೊದಲೇ ಈ ಎರಡು ಸಂಗತಿ ತಿಳಿದಿದ್ದರೆ ಮುಂದಿನ ಕೆಲಸ ಸಲೀಸು.

ಗಿನಿ ಕೋಳಿಯ ತವರು ಸಹಾರಾ ಮರುಭೂಮಿಗೆ ದಕ್ಷಿಣದ ಆಫ್ರಿಕಾ. ತಲೆಯ ಮೇಲೆ ಎಲುಬಿನ ಕಿರೀಟವಿರುವ ಜಾತಿಯನ್ನೇ ಜನ ಸಾಕುತ್ತಾರೆ. ಬೆಳೆದ ಹಕ್ಕಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಮನುಷ್ಯರ ನಡುವೆ ಎಷ್ಟು ತಲೆಮಾರು ಬೆಳೆದರೂ ಅದರ ಸ್ವಭಾವ ಇನ್ನೂ ಅರೆಕಾಡು: ಗುಂಪಾಗಿ ಅಲೆಯುತ್ತದೆ, ಸಂಜೆ ಎತ್ತರದ ಕೊಂಬೆ ಹುಡುಕುತ್ತದೆ, ಗೂಡು ಕಟ್ಟಲು ಪೊದೆಯಲ್ಲಿ ಅಡಗುತ್ತದೆ. ಅದರ ಉಪಯೋಗಕ್ಕೂ ಕಾಟಕ್ಕೂ ಮೂಲ ಇದೇ ಸ್ವಭಾವ.

ಹುಳ ಹಿಡಿಯುವ ರೀತಿಯನ್ನು ಗಮನಿಸಿ. ನಾಟಿ ಕೋಳಿ ಕಾಲಿನಿಂದ ಕೆದಕಿ ತಿನ್ನುತ್ತದೆ. ಗಿನಿ ಕೋಳಿ ಹೆಚ್ಚಾಗಿ ಕಣ್ಣಿನಿಂದ ಹುಡುಕಿ, ನಡೆಯುತ್ತಲೇ ಕೊಕ್ಕಿನಿಂದ ಎತ್ತಿಕೊಳ್ಳುತ್ತದೆ. ಹಾಗಾಗಿ ತರಕಾರಿ ಮಡಿಗಳು ಕೋಳಿ ಹೊಕ್ಕಷ್ಟು ಹಾಳಾಗುವುದಿಲ್ಲ. ಆದರೆ ಕಣ್ಣಿಗೆ ಬೀಳುವಷ್ಟು ದೊಡ್ಡದಾದ, ನೆಲದ ಮೇಲೆ ಅಥವಾ ಹುಲ್ಲಿನ ತುದಿಯಲ್ಲಿ ಸಿಗುವ ಹುಳ ಮಾತ್ರ ಅದರ ಪಾಲು: ಮಿಡತೆ, ಚಿಮ್ಮಂಡೆ, ದುಂಬಿ, ಗೆದ್ದಲು, ಜಿರಳೆ, ಇರುವೆ, ಸಣ್ಣ ಬಸವನಹುಳು, ಕಂಬಳಿಹುಳುಗಳಲ್ಲಿ ಕೂದಲು ಕಡಿಮೆ ಇರುವಂಥವು. ಉಣುಗು, ಅಂದರೆ ಉಣ್ಣಿ, ಇದಕ್ಕೆ ಬಹಳ ಇಷ್ಟವೆಂದು ಹೇಳುತ್ತಾರೆ. ಇದರಲ್ಲಿ ಸತ್ಯವಿದೆ, ಮಿತಿಯೂ ಇದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಿನಿ ಕೋಳಿ ಮೇಯುವ ಹುಲ್ಲುಹಾಸುಗಳಲ್ಲಿ ಬೆಳೆದ ಉಣುಗುಗಳು ಕಡಿಮೆಯಾಗಿದ್ದವು. ಆದರೆ ಎಳ್ಳಿಗಿಂತ ಸಣ್ಣದಿರುವ ಮರಿ ಉಣುಗು ಎಲೆಕಸದ ನಡುವೆ ಅಡಗಿರುತ್ತದೆ. ಅದನ್ನು ಈ ಹಕ್ಕಿ ಗುಡಿಸಿಹಾಕುತ್ತದೆ ಎಂದು ನಂಬಿ ಕೂರಬೇಡಿ. ಉಣುಗಿನಿಂದ ರೋಗ ಹರಡುವ ಜಾಗದಲ್ಲಿ ಹುಲ್ಲು ಕತ್ತರಿಸುವುದು, ಎಲೆಕಸ ಗುಡಿಸುವುದು, ಮೈ ಪರೀಕ್ಷಿಸಿಕೊಳ್ಳುವುದು ಇದ್ದೇ ಇರಬೇಕು.

ಸಸ್ಯಹೇನು, ಬಿಳಿನೊಣ, ಥ್ರಿಪ್ಸ್, ಹಿಟ್ಟು ತಿಗಣೆ, ಕಾಂಡದೊಳಗಿನ ಕೊರಕ, ಬೇರಿನ ಜಂತುಹುಳು, ಇವುಗಳ ಮೇಲೆ ಗಿನಿ ಕೋಳಿಯಿಂದ ಏನೂ ಆಗದು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಒಳ್ಳೆಯ ಹುಳ, ಕೆಟ್ಟ ಹುಳ ಎಂಬ ಭೇದ ಅದಕ್ಕಿಲ್ಲ. ಎರೆಹುಳು, ಜೇಡ, ಗುಲಗಂಜಿ ಹುಳ, ಸಣ್ಣ ಕಪ್ಪೆ, ಹಲ್ಲಿ ಎಲ್ಲವನ್ನೂ ತಿನ್ನುತ್ತದೆ. ಜೇನುಪೆಟ್ಟಿಗೆಯ ಬಾಗಿಲ ಮುಂದೆ ನಿಂತು ಹೊರಬರುವ ಜೇನುಹುಳುಗಳನ್ನು ಒಂದೊಂದಾಗಿ ಹೆಕ್ಕುವುದೂ ಉಂಟು. ಜೇನು ಸಾಕುವವರು ಪೆಟ್ಟಿಗೆಯನ್ನು ಎತ್ತರದ ಪೀಠದ ಮೇಲಿಡಿ, ಇಲ್ಲವೇ ಸುತ್ತ ಜಾಲರಿ ಕಟ್ಟಿ. ಹಾವಿನ ವಿಷಯವೂ ಹೀಗೇ. ಗುಂಪು ಸೇರಿ ಕಿರುಚಿ ಸುದ್ದಿ ಮುಟ್ಟಿಸುತ್ತವೆ, ಸಣ್ಣ ಹಾವನ್ನು ಕುಕ್ಕಿ ಕೊಲ್ಲಲೂಬಹುದು. ಆದರೆ ದೊಡ್ಡ ಹಾವು ಮೊಟ್ಟೆ, ಮರಿಗಳನ್ನೇ ನುಂಗುತ್ತದೆ. ಹಾವು ಬರದಂತೆ ತಡೆಯುವ ಉಪಾಯ ಇದಲ್ಲ.

ತೋಟದಲ್ಲಿ ಇವನ್ನು ಯಾವಾಗ ಬಿಡಬೇಕು ಎಂಬುದು ಎಷ್ಟು ಹಕ್ಕಿ ಇವೆ ಎಂಬುದಕ್ಕಿಂತ ಮುಖ್ಯ. ಬಿತ್ತುವ ಮೊದಲು ಮಣ್ಣು ಅಗೆದು ತಿರುವಿದ ದಿನಗಳು ಎಲ್ಲಕ್ಕಿಂತ ಉತ್ತಮ. ಅಡಗಿದ್ದ ಗೊಣ್ಣೆಹುಳು, ಕೋಶಗಳು ಮೇಲೆ ಬಂದಿರುತ್ತವೆ, ಹಾಳಾಗಲು ಸಸಿಯೂ ಇರುವುದಿಲ್ಲ. ಬಿತ್ತಿದ ಮೇಲೆ ಸಸಿ ಒಂದು ಗೇಣು ಬೆಳೆಯುವವರೆಗೆ ಒಳಗೆ ಬಿಡಬೇಡಿ. ಕಾಳನ್ನೂ ಎಳೆ ಸೊಪ್ಪನ್ನೂ ಹೆಕ್ಕುತ್ತವೆ, ಪುಡಿಮಣ್ಣಿನ ಮಡಿಯಲ್ಲಿ ಹೊರಳಾಡಿ ಗುಂಡಿ ಮಾಡುತ್ತವೆ. ಹೊರಳಾಡಲು ಬೇರೆಡೆ ಒಣಮಣ್ಣು, ಬೂದಿ, ಮರಳು ಬೆರೆಸಿದ ಒಂದು ತಗ್ಗು ಮಾಡಿಕೊಟ್ಟರೆ ಈ ಕಾಟ ಬಹಳ ತಗ್ಗುತ್ತದೆ. ಹಣ್ಣಿನ ಮರಗಳ ಕೆಳಗಂತೂ ಇವು ನಿಜವಾಗಿ ಬೆಲೆಬಾಳುವ ಕೆಲಸ ಮಾಡುತ್ತವೆ. ಉದುರಿದ ಹಣ್ಣಿನಿಂದ ಹೊರಬಂದ ಹಣ್ಣುನೊಣದ ಹುಳುಗಳು ಮಣ್ಣಿಗಿಳಿದು ಕೋಶವಾಗುತ್ತವೆ. ಗಿನಿ ಕೋಳಿ ಆಳಕ್ಕೆ ಕೆದಕದ ಕಾರಣ, ಮರದ ಬುಡದ ಮೇಲ್ಮಣ್ಣನ್ನು ಎರಡು ಮೂರು ದಿನಕ್ಕೊಮ್ಮೆ ಕುಂಟೆಯಿಂದ ಎರಡು ಅಂಗುಲದಷ್ಟು ನೀವೇ ಕೆದಕಿ ಬಿಡಿ. ಹೆಕ್ಕುವ ಕೆಲಸ ಅವು ನೋಡಿಕೊಳ್ಳುತ್ತವೆ. ಟೊಮೆಟೊ, ದ್ರಾಕ್ಷಿ ಹಣ್ಣಾಗುವಾಗ ಮಾತ್ರ ಬಲೆ ಬೇಕು.

ಎಷ್ಟು ಹಕ್ಕಿ? ಆರರಿಂದ ಎಂಟು. ಒಂದೋ ಎರಡೋ ತಂದರೆ ಅವು ನೆಲೆ ನಿಲ್ಲುವುದಿಲ್ಲ, ಹಗಲಿಡೀ ಒಡನಾಡಿಗಳನ್ನು ಕೂಗುತ್ತಿರುತ್ತವೆ. ಜಾಗ ಒತ್ತೊತ್ತಾಗಿದ್ದು ಅಕ್ಕಪಕ್ಕ ಗೋಡೆಗೆ ಗೋಡೆ ಮನೆಗಳಿದ್ದರೆ ಈ ಆಲೋಚನೆಯನ್ನೇ ಬಿಡಿ ಎನ್ನುವುದು ನಮ್ಮ ನೇರ ಸಲಹೆ. ಇವುಗಳ ಕೂಗು ಕರ್ಕಶ, ದೂರಕ್ಕೆ ಕೇಳುತ್ತದೆ. ಬೇಲಿ ಇವುಗಳಿಗೆ ಲೆಕ್ಕಕ್ಕಿಲ್ಲ. ರಸ್ತೆ ಪಕ್ಕದಲ್ಲಿದ್ದರೆ ವಾಹನಕ್ಕೆ ಸಿಕ್ಕಿ ಸಾಯುತ್ತವೆ.

ಬೆಳೆದ ಹಕ್ಕಿಗಳಿಗಿಂತ ಮರಿಗಳಿಂದ ಶುರುಮಾಡುವುದು ಲೇಸು. ಹುಟ್ಟಿ ಬೆಳೆದ ಗೂಡನ್ನು ಅವು ಮನೆಯೆಂದೇ ತಿಳಿಯುತ್ತವೆ. ಆದರೆ ಮೊದಲ ಎರಡು ವಾರ ಮರಿಗಳು ಬಹಳ ನಾಜೂಕು. ಇಪ್ಪತ್ತು ಮರಿಗಳಿಗೆ ಮೂರು ಅಡಿ ಉದ್ದ, ಮೂರು ಅಡಿ ಅಗಲದ ಬ್ರೂಡರ್, ಅಂದರೆ ಮರಿಗಳನ್ನು ಬೆಚ್ಚಗಿಡುವ ಪೆಟ್ಟಿಗೆ, ಸಾಕು. ಮೂಲೆಗಳನ್ನು ರಟ್ಟಿನಿಂದ ದುಂಡಗೆ ಮಾಡಿ, ಇಲ್ಲದಿದ್ದರೆ ಚಳಿಗೆ ಒಂದರ ಮೇಲೊಂದು ಬಿದ್ದು ಅಡಿಯವು ಉಸಿರುಕಟ್ಟಿ ಸಾಯುತ್ತವೆ. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಸೆಲ್ಸಿಯಸ್ ಇರಲಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಿ. ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡಿ: ಬಲ್ಬಿನಡಿ ಗುಂಪುಗಟ್ಟಿ ಚೀರಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಎಲ್ಲೆಡೆ ಹರಡಿಕೊಂಡಿದ್ದರೆ ಹದ ಸರಿಯಿದೆ. ನೆಲಕ್ಕೆ ನುಣುಪಾದ ಪತ್ರಿಕೆ ಹಾಸಬೇಡಿ. ಕಾಲು ಜಾರಿ ಎರಡು ಬದಿಗೆ ಅಗಲಿಬಿಟ್ಟರೆ ಮರಿ ಮತ್ತೆ ನಿಲ್ಲುವುದು ಕಷ್ಟ. ಮೊದಲ ಕೆಲವು ದಿನ ಗೋಣಿತಾಟು, ಆಮೇಲೆ ಒಣ ಮರದ ಹೊಟ್ಟು. ನೀರಿನ ತಟ್ಟೆ ಆಳವಿಲ್ಲದ್ದಾಗಿರಲಿ, ಅದರೊಳಗೆ ಗೋಲಿ ಅಥವಾ ಶುಚಿಯಾದ ಬೆಣಚುಕಲ್ಲು ತುಂಬಿ. ಅಂಗುಲದ ನೀರಿನಲ್ಲೂ ಇವು ಮುಳುಗಿ ಸಾಯುತ್ತವೆ. ಮೈ ಒದ್ದೆಯಾದರೂ ಸಾಕು, ಚಳಿ ಹಿಡಿದು ಹೋಗಿಬಿಡುತ್ತವೆ. ತಾಯಿಯ ಹಿಂದೆ ಇಬ್ಬನಿ ಹುಲ್ಲಿನಲ್ಲಿ ನಡೆದ ಮರಿಗಳು ಸಾಲಾಗಿ ಸಾಯುವುದಕ್ಕೆ ಇದೇ ಕಾರಣ. ಎರಡನೆಯ ವಾರದಲ್ಲೇ ರೆಕ್ಕೆ ಬಲಿತು ಪುಟಿಯುತ್ತವೆ, ಮೇಲೆ ಜಾಲರಿ ಮುಚ್ಚಿ.

ಮರಿಗಳ ಮೇವಿನಲ್ಲಿ ಪ್ರೋಟೀನ್ ಶೇ. 24ರಿಂದ 26 ಇರಬೇಕು, ಅಂದರೆ ಟರ್ಕಿ ಕೋಳಿ ಮರಿಗಳಿಗೆ ಮೊದಲ ವಾರಗಳಲ್ಲಿ ಕೊಡುವ ಸ್ಟಾರ್ಟರ್ ಮೇವು ಹೊಂದುತ್ತದೆ. ಸಾಮಾನ್ಯ ಕೋಳಿಮರಿ ಮೇವಿನಲ್ಲಿ ಪ್ರೋಟೀನ್ ಇದಕ್ಕಿಂತ ಕಡಿಮೆ, ಅದರಿಂದ ಬೆಳವಣಿಗೆ ಕುಂಠಿತವಾಗುತ್ತದೆ. ಐದನೆಯ ವಾರದಿಂದ ಶೇ. 18ರಿಂದ 20ಕ್ಕೆ, ಎಂಟು ವಾರವಾದ ಮೇಲೆ ಶೇ. 16ಕ್ಕೆ ಇಳಿಸಬಹುದು. ಚೀಲದ ಮೇಲಿನ ಚೀಟಿಯನ್ನು ಓದದೆ ಮೇವು ತರಬೇಡಿ. ರಕ್ತಭೇದಿ ತಡೆಯಲು ಕೆಲವು ಕೋಳಿಮೇವಿಗೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಗಿನಿ ಕೋಳಿಗೆ ಪ್ರಾಣಾಂತಕ. ಕೋಳಿಗೆ ಒಳ್ಳೆಯದಾದದ್ದು ಇದಕ್ಕೂ ಒಳ್ಳೆಯದೇ ಎಂಬ ಊಹೆ ಇಲ್ಲಿ ನಡೆಯದು.

ಗೂಡಿನ ಲೆಕ್ಕ ಹೀಗೆ. ಹಗಲು ಹೊರಗೆ ಮೇಯುವ ಹಕ್ಕಿಗೆ ತಲಾ 3ರಿಂದ 4 ಚದರ ಅಡಿ ನೆಲ ಬೇಕು. ಎಂಟು ಹಕ್ಕಿಗೆ ಆರಡಿ ಉದ್ದ, ಆರಡಿ ಅಗಲವಿದ್ದರೆ ನಿರಾಳ. ಎತ್ತರ ಆರು ಅಡಿಗಿಂತ ಕಡಿಮೆ ಬೇಡ, ಯಾಕೆಂದರೆ ಎತ್ತರದಲ್ಲಿ ಕೂರಲು ಜಾಗ ಸಿಗದಿದ್ದರೆ ಅವು ಮರವನ್ನೇ ಆರಿಸಿಕೊಳ್ಳುತ್ತವೆ. ಕೂರುವ ಅಡ್ಡಗಂಬಿ ನೆಲದಿಂದ ನಾಲ್ಕು ಅಡಿ ಮೇಲಿರಲಿ, ಹಕ್ಕಿಗೊಂದರಂತೆ 25 ಸೆಂಟಿಮೀಟರ್ ಉದ್ದ ಲೆಕ್ಕ ಹಾಕಿ. ಜಾಲರಿಯ ಕಣ್ಣು ಅರ್ಧ ಅಂಗುಲದ್ದೇ ಇರಬೇಕು. ದೊಡ್ಡ ಕಣ್ಣಿನ ಜಾಲರಿಯಲ್ಲಿ ಹಾವು, ಇಲಿ ನುಗ್ಗುತ್ತವೆ. ನಾಟಿ ಹುಂಜಗಳ ಜೊತೆ ಒಂದೇ ಇಕ್ಕಟ್ಟಿನ ಗೂಡಿನಲ್ಲಿ ಹಾಕಬೇಡಿ, ಗಂಡು ಗಿನಿ ಅವನ್ನು ಅಟ್ಟಿಸಿಕೊಂಡು ಹೋಗಿ ಪುಕ್ಕ ಕೀಳುತ್ತದೆ.

ಇನ್ನು ಮನೆಗೆ ಮರಳುವ ಪಾಠ. ಹೊಸದಾಗಿ ತಂದ ಬೆಳೆದ ಹಕ್ಕಿಗಳನ್ನು ಆರು ವಾರ ಹೊರಗೆ ಬಿಡಲೇಬಾರದು. ಮೂರು ವಾರಕ್ಕೆ ಮನಸ್ಸು ಕರಗಿ ಬಾಗಿಲು ತೆರೆದವರು ಹಕ್ಕಿಗಳನ್ನು ಕಳೆದುಕೊಳ್ಳುತ್ತಾರೆ. ಇಲ್ಲೇ ಬೆಳೆದ ಮರಿಗಳಾದರೆ ಮೈತುಂಬ ಪುಕ್ಕ ಬಂದು ಎಂಟು ಹತ್ತು ವಾರವಾಗುವವರೆಗೆ ಕಾಯಿರಿ. ಗೂಡಿನಲ್ಲಿರುವ ಅಷ್ಟೂ ದಿನ, ಪ್ರತಿ ಸಂಜೆ ಕತ್ತಲಾಗುವ ಅರ್ಧ ಗಂಟೆ ಮೊದಲು, ಒಂದೇ ಡಬ್ಬಿ ಅಲ್ಲಾಡಿಸಿ, ಒಂದೇ ಕೂಗು ಕೂಗಿ, ಒಂದು ಹಿಡಿ ನವಣೆ ಅಥವಾ ಬರಗು ಚೆಲ್ಲಿ. ಇವುಗಳಿಗೆ ಈ ಸಣ್ಣ ಕಾಳು ಎಂದರೆ ಪ್ರಾಣ. ಬೇರೆ ಹೊತ್ತಿನಲ್ಲಿ ಆ ಕಾಳನ್ನು ಕೊಡಲೇಬೇಡಿ. ಡಬ್ಬಿಯ ಸದ್ದಿಗೆ ಬೆಲೆ ಬರುವುದೇ ಅದರಿಂದ.

ಬಿಡುವಾಗ ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ. ಮೊದಲ ದಿನ ಸೂರ್ಯ ಮುಳುಗಲು ಎರಡು ಗಂಟೆಯಿರುವಾಗ ಎರಡನ್ನು ಮಾತ್ರ ಹೊರಬಿಡಿ, ಬೆಳಗಿನ ಮೇವು ಅಂದು ಅರ್ಧ ಮಾಡಿ. ಒಳಗಿರುವವು ಕೂಗುತ್ತಿರುತ್ತವೆ, ಹೊರಗಿರುವವು ಆ ಕೂಗು ಬಿಟ್ಟು ದೂರ ಹೋಗಲಾರವು. ಎರಡು ಮೂರು ದಿನಕ್ಕೊಮ್ಮೆ ಇನ್ನೆರಡನ್ನು ಸೇರಿಸುತ್ತಾ ಹೋಗಿ, ಹೊರಗಿನ ಹೊತ್ತನ್ನೂ ಹೆಚ್ಚಿಸಿ. ಸಂಜೆ ಗೂಡಿನೊಳಗೆ ಒಂದು ಸಣ್ಣ ದೀಪ ಉರಿಯುತ್ತಿರಲಿ. ಒಳಗೆ ಕತ್ತಲಿದ್ದರೆ ಇವು ಬಾಗಿಲಲ್ಲೇ ಹಿಂಜರಿದು ನಿಂತು, ಕೊನೆಗೆ ಮರ ಹತ್ತಿಬಿಡುತ್ತವೆ. ಒಮ್ಮೆ ಮರದ ರುಚಿ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ಮರದ ಮೇಲೆ ಕೂತ ಹಕ್ಕಿಯನ್ನು ರಾತ್ರಿ ಗೂಬೆ ಹೊತ್ತೊಯ್ಯುತ್ತದೆ. ಬಿಳಿ ಬಣ್ಣದ ತಳಿಗಳು ಇನ್ನೂ ಬೇಗ ಕಣ್ಣಿಗೆ ಬೀಳುತ್ತವೆ. ಮೊಂಡು ಹಕ್ಕಿಯೊಂದು ಸತತ ತಪ್ಪಿಸಿಕೊಂಡರೆ ಅದನ್ನು ಹಿಡಿದು ಮತ್ತೆರಡು ವಾರ ಒಳಗೇ ಇಡಿ. ಹಿಡಿಯುವಾಗ ಕಾಲು ಹಿಡಿದು ಎಳೆಯಬಾರದು, ಇವುಗಳ ಕಾಲು ಬೇಗ ಉಳುಕುತ್ತದೆ, ಮುರಿಯುತ್ತದೆ. ಕತ್ತಲಲ್ಲಿ ಬಲೆ ಹಾಕಿ, ರೆಕ್ಕೆ ಸಮೇತ ಮೈ ತಬ್ಬಿ ಹಿಡಿಯಿರಿ.

ಬೆಳೆದ ಹಕ್ಕಿಯ ಮೇವಿನ ಪ್ರಮಾಣವೇ ಬೇಟೆಯನ್ನು ನಿಯಂತ್ರಿಸುತ್ತದೆ. ಕೂಡಿಹಾಕಿದರೆ ದಿನಕ್ಕೆ ಸುಮಾರು 100 ಗ್ರಾಂ ಬೇಕು. ಹುಳ ಹೇರಳವಾಗಿರುವ ಕಾಲದಲ್ಲಿ ಬೆಳಿಗ್ಗೆ ಏನೂ ಕೊಡದೆ ಸಂಜೆ 30ರಿಂದ 50 ಗ್ರಾಂ ಕೊಟ್ಟರೆ ಸಾಕು. ಬೆಳಿಗ್ಗೆಯೇ ಹೊಟ್ಟೆ ತುಂಬಿಸಿದರೆ ನೆರಳಲ್ಲಿ ಕೂರುತ್ತವೆ. ಸಂಜೆಯದ್ದನ್ನೂ ನಿಲ್ಲಿಸಿದರೆ ಹೊಟ್ಟೆಪಾಡಿಗೆ ದೂರ ದೂರ ಹೋಗಿ ಮರಳುವುದನ್ನೇ ಮರೆಯುತ್ತವೆ. ನೀರು ಗೂಡಿನ ಬಳಿಯೇ ಇರಲಿ.

ಹಕ್ಕಿ ಓಡಾಡುವಲ್ಲಿ ಹರಳು ಕೀಟನಾಶಕ, ಇಲಿಪಾಷಾಣ, ಬಸವನಹುಳು ಕೊಲ್ಲಲು ಹಾಕುವ ವಿಷದ ಕಾಳು ಯಾವುದೂ ಇರಕೂಡದು. ಹರಳನ್ನು ಅವು ಕಾಳೆಂದೇ ಹೆಕ್ಕುತ್ತವೆ, ವಿಷ ತಿಂದು ಒದ್ದಾಡುವ ಹುಳವನ್ನೂ ಮೊದಲು ಹಿಡಿಯುತ್ತವೆ. ರಾಣಿಖೇತ್ ರೋಗ ಇವಕ್ಕೂ ಬರುತ್ತದೆ, ಲಸಿಕೆಯ ವೇಳಾಪಟ್ಟಿಯನ್ನು ಪಶುವೈದ್ಯರಿಂದ ಕೇಳಿ ಪಡೆಯಿರಿ. ನೆಲದಲ್ಲಿ ಮೇಯುವ ಕಾರಣ ಜಂತುಹುಳು ಸಾಮಾನ್ಯ. ಕತ್ತು ಚಾಚಿ ಬಾಯಿ ತೆರೆದು ಆಕಳಿಸಿದಂತೆ ಮಾಡಿದರೆ ಶ್ವಾಸನಾಳದ ಹುಳು ಇರಬಹುದು, ಹಿಕ್ಕೆ ಪರೀಕ್ಷೆ ಮಾಡಿಸಿ.

ಗಂಡು ಹೆಣ್ಣು ಗುರುತಿಸಲು ಕಿವಿಯೇ ಸಾಧನ. ಎರಡು ತಿಂಗಳ ನಂತರ ಎರಡು ಉಚ್ಚಾರದ ಕೂಗು ಹಾಕುವುದು ಹೆಣ್ಣು ಮಾತ್ರ. ಒಂದೇ ಉಚ್ಚಾರದ ಕೂಗನ್ನು ಎರಡೂ ಹಾಕುತ್ತವೆ. ಗಂಡಿನ ಕೆನ್ನೆಯ ಜೋಲು ದೊಡ್ಡದು. ಒಂದು ಗಂಡಿಗೆ ನಾಲ್ಕೈದು ಹೆಣ್ಣು ಸಾಕು.

ಮೊಟ್ಟೆ ಇಡುವ ಕಾಲ ಬಂದಾಗ ಇಷ್ಟು ದಿನದ ಶಿಸ್ತು ಸಡಿಲವಾಗುತ್ತದೆ. ಹೆಣ್ಣುಗಳು ಪೊದೆಯಲ್ಲಿ ಗುಟ್ಟಾದ ಗೂಡು ಮಾಡಿ, ಹಲವು ಸೇರಿ ಒಂದೇ ಕಡೆ ಇಡುತ್ತವೆ. ಬಹುತೇಕ ಮೊಟ್ಟೆ ಮಧ್ಯಾಹ್ನದೊಳಗೆ ಬೀಳುವುದರಿಂದ ಆ ತಿಂಗಳುಗಳಲ್ಲಿ ಮಧ್ಯಾಹ್ನದ ನಂತರವೇ ಹೊರಬಿಡುವುದು ಜಾಣತನ. ಹೊರಗೆ ಗೂಡು ಸಿಕ್ಕರೆ ಪೂರ್ತಿ ಬರಿದು ಮಾಡಬೇಡಿ. ಐದಾರು ಮೊಟ್ಟೆ ಬಿಟ್ಟು ಉಳಿದವನ್ನು ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ, ಇಲ್ಲದಿದ್ದರೆ ಮರುದಿನವೇ ಜಾಗ ಬದಲಿಸುತ್ತದೆ. ಕಾವು 26ರಿಂದ 28 ದಿನ, ನಾಟಿ ಕೋಳಿಗಿಂತ ಒಂದು ವಾರ ಹೆಚ್ಚು. ಪೊದೆಯಲ್ಲೇ ಕಾವಿಗೆ ಕೂತ ಹೆಣ್ಣು ರಾತ್ರಿ ನರಿ, ನಾಯಿಗಳಿಗೆ ಸಿಗುತ್ತದೆ. ಆದ್ದರಿಂದ ಮೊಟ್ಟೆಗಳನ್ನು ಗಟ್ಟಿಯಾಗಿ ಕಾವಿಗೆ ಕೂತ ನಾಟಿ ಹೇಂಟೆಯ ಅಡಿ ಇಡುವುದು ನಮ್ಮ ಆಯ್ಕೆ, ಒಂದು ಹೇಂಟೆಗೆ ಹನ್ನೆರಡರಿಂದ ಹದಿನೈದು. ಅವಳು ಸಾಕಿದ ಮರಿಗಳು ಅವಳ ಹಿಂದೆಯೇ ಸಂಜೆ ಗೂಡು ಸೇರುತ್ತವೆ, ಡಬ್ಬಿ ಅಲ್ಲಾಡಿಸುವ ಕೆಲಸವೂ ಅರ್ಧ ತಪ್ಪುತ್ತದೆ.