ತಂತ್ರಜ್ಞಾನದ ಕಡೆಗೆ ಮಕ್ಕಳ ಒಲವು ರೂಪುಗೊಳ್ಳುವ ಬಗೆ

ಮೊಬೈಲ್ ಫೋನನ್ನು ಚುರುಕಾಗಿ ಬಳಸುವ ಮಗುವಿಗೆ ತಂತ್ರಜ್ಞಾನದಲ್ಲಿ ಆಸಕ್ತಿಯಿದೆ ಎಂದು ದೊಡ್ಡವರು ಸುಲಭವಾಗಿ ತೀರ್ಮಾನಿಸಿಬಿಡುತ್ತಾರೆ. ಆದರೆ ಒಂದು ಸಾಧನವನ್ನು ಬಳಸಿ ಖುಷಿಪಡುವುದು ಬೇರೆ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬಯಸುವುದು ಬೇರೆ, ಅಂಥದ್ದನ್ನು ತಾನೂ ರೂಪಿಸಬಲ್ಲೆನೆಂದು ನಂಬುವುದು ಇನ್ನೂ ಬೇರೆ. 11ರಿಂದ 14 ವರ್ಷದೊಳಗಿನ ಮಕ್ಕಳಲ್ಲಿ ಈ ಮೂರೂ ಒಟ್ಟಿಗೇ ಬೆಳೆಯುವುದಿಲ್ಲ. ಅವರ ಮನೋಭಾವವನ್ನು ಅರಿಯಲು ಹೊರಟವರು ಮೊದಲು ಗಮನಿಸಬೇಕಾದದ್ದು ಇದನ್ನೇ.

ಈ ವಿಷಯದ ವ್ಯವಸ್ಥಿತ ಅಧ್ಯಯನಕ್ಕೆ ಗಟ್ಟಿ ಅಡಿಪಾಯ ದೊರೆತದ್ದು 1980ರ ದಶಕದಲ್ಲಿ. ನೆದರ್ಲೆಂಡ್ಸ್‌ನ ಐಂಡ್ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಯಾನ್ ರಾಟ್ ಮತ್ತು ಮಾರ್ಕ್ ಡಿ ವ್ರೀಸ್ ವಿದ್ಯಾರ್ಥಿಗಳಿಗಾಗಿ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು, ಮುಂದೆ ಹಲವು ದೇಶಗಳು ಅದನ್ನು ತಮ್ಮ ಶಾಲೆಗಳಿಗೆ ಹೊಂದಿಸಿಕೊಂಡವು. ಬೆಲ್ಜಿಯಂನ ಸಂಶೋಧಕರು 2013ರಲ್ಲಿ ಪರಿಷ್ಕರಿಸಿದ ರೂಪವು ಆಸಕ್ತಿ, ಬೇಸರ, ಮುಂದಿನ ವೃತ್ತಿಯ ಬಯಕೆ, ಸಮಾಜಕ್ಕೆ ಆಗುವ ಉಪಯೋಗದ ಅರಿವು, ವಿಷಯ ಕಠಿಣವೆಂಬ ಭಾವನೆ ಮತ್ತು ಇದು ಹುಡುಗರಿಗೋ ಹುಡುಗಿಯರಿಗೋ ಎಂಬ ಎಣಿಕೆ, ಇವಿಷ್ಟನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ತಂತ್ರಜ್ಞಾನದಿಂದ ಜಗತ್ತಿಗೆ ಒಳಿತಾಗುತ್ತದೆ ಎಂದು ದೃಢವಾಗಿ ನಂಬುವ ವಿದ್ಯಾರ್ಥಿಯೇ ಅದನ್ನು ಕಲಿಯುವ ಯೋಚನೆಯನ್ನು ದೂರವಿಡಬಹುದು. ಎಲ್ಲವನ್ನೂ ಒಂದೇ ಅಂಕಕ್ಕೆ ಇಳಿಸಿದರೆ ಆ ಮಗುವಿನ ನಿಜವಾದ ತೊಡಕು ಕಣ್ಣಿಗೆ ಬೀಳುವುದಿಲ್ಲ.

ತಂತ್ರಜ್ಞಾನವೆಂದು ಮಗು ಯಾವುದನ್ನು ಎಣಿಸುತ್ತದೆ ಎಂಬುದೂ ಇಲ್ಲಿ ಮುಖ್ಯ. ಬಾಸ್ಟನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಸಂಶೋಧಕರು ಕಿರಿಯ ತರಗತಿಗಳ ಮಕ್ಕಳಿಗೆ ಹಲವು ವಸ್ತುಗಳ ಚಿತ್ರಗಳನ್ನು ತೋರಿಸಿ, ಇವುಗಳಲ್ಲಿ ತಂತ್ರಜ್ಞಾನ ಯಾವುದು ಎಂದು ಕೇಳಿದಾಗ, ವಿದ್ಯುತ್ತಿನಿಂದ ನಡೆಯುವ ಸಾಧನಗಳನ್ನು ಹೆಚ್ಚಿನವರು ಆರಿಸಿದರು. ಸೇತುವೆ, ಬಟ್ಟಲು, ಪಾದರಕ್ಷೆಯಂಥವನ್ನು ಆರಿಸಿದವರು ಕಡಿಮೆ. ಈ ಸಂಕುಚಿತ ಕಲ್ಪನೆ ಹಾಗೆಯೇ ಉಳಿದರೆ, ಬಟ್ಟೆಯ ವಿನ್ಯಾಸದಲ್ಲಿ, ಕುಡಿಯುವ ನೀರಿನ ಶುದ್ಧೀಕರಣದಲ್ಲಿ, ಅಂಗವಿಕಲರಿಗೆ ನೆರವಾಗುವ ಉಪಕರಣಗಳಲ್ಲಿ ಮನಸ್ಸಿಡಬಹುದಾಗಿದ್ದ ಮಗು, ಪರದೆಯ ಮುಂದೆ ಕೂರುವ ಇಚ್ಛೆ ತನಗಿಲ್ಲವೆಂಬ ಒಂದೇ ಕಾರಣಕ್ಕೆ ಈ ಕ್ಷೇತ್ರವೇ ತನ್ನದಲ್ಲವೆಂದು ಭಾವಿಸುವ ಸಾಧ್ಯತೆಯಿದೆ. ಪಠ್ಯಕ್ರಮವನ್ನು ರೂಪಿಸುವವರು ಇದನ್ನು ಗಂಭೀರವಾಗಿ ಪರಿಗಣಿಸಲೇಬೇಕು.

ಮನೆಯ ಪಾತ್ರ ಸ್ಪಷ್ಟವಾಗಿಯೇ ಇದೆ. ಹೆತ್ತವರ ವೃತ್ತಿ, ಬಿಚ್ಚಿ ಜೋಡಿಸಬಹುದಾದ ಆಟಿಕೆಗಳು, ಪರಿಚಿತರಲ್ಲಿ ತಂತ್ರಜ್ಞಾನದ ಕೆಲಸ ಮಾಡುವ ಒಬ್ಬರಾದರೂ ಇರುವುದು, ಇವೆಲ್ಲವೂ ಒಲವಿನೊಂದಿಗೆ ನಂಟು ಹೊಂದಿವೆ. ಇಂಗ್ಲೆಂಡಿನಲ್ಲಿ ಲೂಯಿಸ್ ಆರ್ಚರ್ ನೇತೃತ್ವದ ತಂಡ 10ರಿಂದ 14 ವರ್ಷದ ಮಕ್ಕಳನ್ನು ಅಧ್ಯಯನ ಮಾಡಿದಾಗ, ಹೆಚ್ಚಿನವರು ವಿಜ್ಞಾನದ ಪಾಠವನ್ನು ಇಷ್ಟಪಡುತ್ತಿದ್ದರೂ ವಿಜ್ಞಾನಿಯಾಗಬೇಕೆಂದವರು ಕೆಲವರೇ ಎಂದು ಕಂಡುಬಂತು. ಇಷ್ಟವಿದ್ದೂ ‘ಇದು ನಮ್ಮಂಥವರಿಗಲ್ಲ’ ಎನ್ನಿಸುವುದು ಬುದ್ಧಿಯ ಕೊರತೆಯಿಂದಲ್ಲ, ಸುತ್ತಲಿನವರ ಬದುಕಿನಲ್ಲಿ ಅಂಥ ದಾರಿ ಕಾಣದಿರುವುದರಿಂದ.

ಆದರೂ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕವಿರುವುದು ‘ನನ್ನಿಂದ ಇದು ಆಗುತ್ತದೆ’ ಎಂಬ ನಂಬಿಕೆಗೆ. 1977ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಈ ನಂಬಿಕೆಗೆ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥ ಇನ್ನೊಬ್ಬರು ಗೆಲ್ಲುವುದನ್ನು ಕಂಡದ್ದು, ಇತರರ ಉತ್ತೇಜನದ ಮಾತು ಮತ್ತು ಕೆಲಸದ ಹೊತ್ತಿನ ದೈಹಿಕ, ಭಾವನಾತ್ಮಕ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಅತ್ಯಂತ ಪ್ರಬಲವೆಂದು ಅವರು ವಾದಿಸಿದರು. ತರಗತಿಯಲ್ಲಿ ಇದರ ಅರ್ಥ ಬಹಳ ದೊಡ್ಡದು. ಐದಾರು ಮಕ್ಕಳ ಗುಂಪಿಗೆ ಒಂದೇ ಕಂಪ್ಯೂಟರ್ ಇದ್ದಾಗ, ಕೀಲಿಮಣೆಯ ಮೇಲೆ ಕೈಯಿಟ್ಟವರಿಗೆ ಆ ಅನುಭವ ದಕ್ಕುತ್ತದೆ, ಹಿಂದೆ ನಿಂತು ನೋಡಿದವರಿಗೆ ಪಾಠ ಮುಗಿದ ಸಮಾಧಾನವಷ್ಟೇ ಉಳಿಯುತ್ತದೆ. ಶಿಕ್ಷಕರು ಬಿಡಿಸಿಕೊಟ್ಟ ಸರ್ಕ್ಯೂಟನ್ನು ನಕಲು ಮಾಡಿ ದೀಪ ಹೊತ್ತಿಸುವುದಕ್ಕೂ, ಹೊತ್ತದ ದೀಪದ ತಂತಿಯನ್ನು ತಾನೇ ಹಿಡಿದು, ಎಲ್ಲಿ ತಪ್ಪಿದೆಯೆಂದು ಹುಡುಕಿ ಸರಿಪಡಿಸುವುದಕ್ಕೂ ಅಜಗಜಾಂತರವಿದೆ.

ಹುಡುಗಿಯರ ವಿಚಾರದಲ್ಲಿ ಈ ಅವಕಾಶಕ್ಕೆ ಇನ್ನಷ್ಟು ಬೆಲೆಯಿದೆ. ಡೇವಿಡ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,807 ಮಕ್ಕಳು ವಿಜ್ಞಾನಿಯ ಚಿತ್ರ ಬರೆದಿದ್ದರು; ಅವುಗಳಲ್ಲಿ ಮಹಿಳೆಯನ್ನು ತೋರಿಸಿದ್ದು 28 ಚಿತ್ರಗಳು ಮಾತ್ರ, ಅವೆಲ್ಲವನ್ನೂ ಬರೆದವರು ಹುಡುಗಿಯರೇ. ಅಮೆರಿಕದ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯ ಪ್ರಕಾರ ದಶಕಗಳು ಕಳೆದಂತೆ ಮಹಿಳಾ ವಿಜ್ಞಾನಿಗಳ ಚಿತ್ರಗಳು ಹೆಚ್ಚಿವೆಯಾದರೂ, ಮಕ್ಕಳು ದೊಡ್ಡವರಾದಂತೆ ಪುರುಷನನ್ನೇ ಬರೆಯುವ ಪ್ರವೃತ್ತಿ ಬಲಗೊಳ್ಳುತ್ತದೆ. ಅಂದರೆ ಈ ಅಚ್ಚು ಹುಟ್ಟಿನಿಂದ ಬಂದದ್ದಲ್ಲ, ಬೆಳೆಯುತ್ತ ಕಲಿತದ್ದು. ಆಲಿಸನ್ ಮಾಸ್ಟರ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆರು ವರ್ಷದ ಹುಡುಗಿಯರಿಗೆ ರೋಬೋಟ್ ಒಂದನ್ನು ತಾವೇ ಪ್ರೋಗ್ರಾಮ್ ಮಾಡಲು ಬಿಟ್ಟಾಗ, ಅಂಥ ಅವಕಾಶವಿಲ್ಲದ ಹುಡುಗಿಯರಿಗಿಂತ ಅವರ ಆಸಕ್ತಿಯೂ ಆತ್ಮವಿಶ್ವಾಸವೂ ಹೆಚ್ಚಿದವು, ಹುಡುಗರೊಂದಿಗಿನ ಅಂತರ ಕುಗ್ಗಿತು. ಆ ಹೊತ್ತಿಗೆ ಅವರ ಮನಸ್ಸಿನಲ್ಲಿ ರೋಬೋಟ್‌ಗಳ ವಿಷಯದಲ್ಲಿ ಹುಡುಗರೇ ಮುಂದು ಎಂಬ ಎಣಿಕೆ ಆಗಲೇ ಬೇರೂರಿತ್ತು. ಆ ಎಣಿಕೆ ಅಳಿಯುವ ಮೊದಲೇ ಆಸಕ್ತಿ ಚಿಗುರಿತ್ತು.