ಲೇಸರ್‌ಗಿಂತ ಮೊದಲು ಕಾರ್ನಿಯಾ: ಕನ್ನಡಕ ಬಿಡಿಸುವ ಶಸ್ತ್ರಚಿಕಿತ್ಸೆಯ ಹಿನ್ನೆಲೆ

ಕನ್ನಡಕ ಬಿಡಿಸುವ ಲೇಸರ್ ಬಗ್ಗೆ ವಿಚಾರಿಸಲು ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು ಎರಡೇ. ಎಷ್ಟು ಖರ್ಚಾಗುತ್ತದೆ? ನಿಮ್ಮಲ್ಲಿ ಯಾವ ಮೆಷಿನ್ ಇದೆ? ಆಸ್ಪತ್ರೆಯವರು ತಿರುಗಿ ಕೇಳುವ ಪ್ರಶ್ನೆಗಳೇ ಬೇರೆ. ಕಣ್ಣು ಉಜ್ಜಿಕೊಳ್ಳುವ ಅಭ್ಯಾಸ ಇದೆಯಾ? ಹೋದ ವರ್ಷ ನಂಬರ್ ಎಷ್ಟಿತ್ತು? ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟು ಎಷ್ಟು ದಿನವಾಯಿತು? ಮನೆಯಲ್ಲಿ ಯಾರಿಗಾದರೂ ಕಾರ್ನಿಯಾ ತೊಂದರೆ ಇತ್ತಾ? ಕೇಳಿಸಿಕೊಳ್ಳುವವರಿಗೆ ಇದೆಲ್ಲ ಸುಮ್ನೆ ಫಾರ್ಮ್ ತುಂಬಿಸುವ ಶಾಸ್ತ್ರ ಅನ್ನಿಸಬಹುದು. ಆದರೆ ಇಂಥ ಪ್ರಶ್ನೆಗಳ ಹಿಂದೆ ಎಂಬತ್ತು ವರ್ಷಗಳ ಅನುಭವವಿದೆ. ಅದರಲ್ಲಿ ಬಹುಪಾಲು ರೋಗಿಗಳು ತೊಂದರೆ ಅನುಭವಿಸಿ ಕಲಿಸಿದ್ದು.

ಮೊದಲು ಕಾರ್ನಿಯಾ ಬಗ್ಗೆ ಎರಡು ಮಾತು. ಕಣ್ಣಿನ ಕಪ್ಪು ಭಾಗದ ಮೇಲೆ ಮುಚ್ಚಿರುವ ಪಾರದರ್ಶಕ ಪದರವೇ ಕಾರ್ನಿಯಾ. ನಟ್ಟನಡುವೆ ಅದರ ದಪ್ಪ ಸರಾಸರಿ 540 ಮೈಕ್ರಾನ್. ಅಂದರೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಣ್ಣಿಗೆ ಬೀಳುವ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದರದೇ. ಆದ್ದರಿಂದ ಇದರ ಉಬ್ಬು ತುಸು ತಗ್ಗಿದರೂ ಮೈನಸ್ ನಂಬರ್ ಇಳಿಯುತ್ತದೆ. ಇದು ಕಣ್ಣಿನ ವೈದ್ಯರಿಗೆ ಹತ್ತೊಂಬತ್ತನೇ ಶತಮಾನದ ಕೊನೆಗೇ ಗೊತ್ತಿತ್ತು. ತಗ್ಗಿಸುವುದು ಹೇಗೆ ಅನ್ನುವುದೇ ಪ್ರಶ್ನೆಯಾಗಿತ್ತು.

ದೊಡ್ಡ ಪ್ರಮಾಣದಲ್ಲಿ ಮೊದಲು ಪ್ರಯತ್ನಿಸಿದವರು ಟೋಕಿಯೊದ ಜುಂಟೆಂಡೊ ವಿಶ್ವವಿದ್ಯಾಲಯದ ತ್ಸುಟೋಮು ಸಾಟೊ. 1930ರ ದಶಕದ ಕೊನೆಯಿಂದ ಅವರು ಕಾರ್ನಿಯಾದ ಮೇಲೆ ಸಣ್ಣ ಸಣ್ಣ ಗೀರು ಹಾಕಿ ಅದನ್ನು ಚಪ್ಪಟೆ ಮಾಡಲು ಹೊರಟರು. ಮುಂದಿನಿಂದ ಮಾತ್ರ ಗೀರಿದರೆ ಸಾಲದು ಅನ್ನಿಸಿ ಕಾರ್ನಿಯಾದ ಒಳಬದಿಯಿಂದಲೂ ಗೀರಿದರು. ರೋಗಿಗಳ ನಂಬರ್ ಇಳಿಯಿತು. ಎಲ್ಲರೂ ಖುಷಿಯಾಗಿದ್ದರು. ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲಿನ ಜೀವಕೋಶಗಳ ತೆಳು ಹೊದಿಕೆ ಇದೆ, ನೀರನ್ನು ಹೊರಹಾಕುತ್ತಾ ಕಾರ್ನಿಯಾವನ್ನು ತಿಳಿಯಾಗಿ ಇಡುವುದು ಅದೇ, ಹಾಳಾದರೆ ಮನುಷ್ಯರಲ್ಲಿ ಅದು ಮತ್ತೆ ಬೆಳೆಯುವುದಿಲ್ಲ. ಇದು ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಆ ರೋಗಿಗಳ ಕಾರ್ನಿಯಾ ಒಂದೊಂದಾಗಿ ಊದಿಕೊಂಡು ಮಂಜಾಗತೊಡಗಿತು. ಸಾಟೊ ಅಷ್ಟರಲ್ಲಿ ತೀರಿಕೊಂಡಿದ್ದರು.

ಈ ಕ್ಷೇತ್ರದ ಬಗ್ಗೆ ನೆನಪಿಡಬೇಕಾದ ಮೊದಲ ವಿಷಯ ಇದು ಅಂತ ನನ್ನ ಅನಿಸಿಕೆ. ಆಪರೇಷನ್ ಆದ ಮರುದಿನ ಗೋಡೆ ಗಡಿಯಾರ ಚೆನ್ನಾಗಿ ಕಂಡರೆ ಅದು ಆರಂಭದ ಫಲಿತಾಂಶ ಮಾತ್ರ. ನಿಜವಾದ ಲೆಕ್ಕ ತಿಳಿಯಲು ವರ್ಷಗಳು ಬೇಕು.

1970ರ ದಶಕದಲ್ಲಿ ಮಾಸ್ಕೊದ ಸ್ವ್ಯಾಟೊಸ್ಲಾವ್ ಫ್ಯೊಡೊರೋವ್ ಗೀರು ಹಾಕುವ ವಿಧಾನವನ್ನು ಮತ್ತೆ ಹಿಡಿದರು. ಈ ಸಲ ಗೀರು ಮುಂದಿನಿಂದ ಮಾತ್ರ, ನಡುವಿನ ಭಾಗವನ್ನು ಬಿಟ್ಟು ಸೂರ್ಯನ ಕಿರಣಗಳ ಹಾಗೆ ಅಂಚಿನ ಕಡೆಗೆ. ಇದರ ಹೆಸರು ರೇಡಿಯಲ್ ಕೆರಟಾಟಮಿ. ಫ್ಯೊಡೊರೋವ್ ಅವರ ಸಂಸ್ಥೆಯಲ್ಲಿ ರೋಗಿಗಳ ಮಂಚಗಳು ಒಬ್ಬ ವೈದ್ಯರಿಂದ ಇನ್ನೊಬ್ಬ ವೈದ್ಯರ ಮುಂದಕ್ಕೆ ಸರಿಯುತ್ತಿದ್ದವು. ಒಬ್ಬೊಬ್ಬರದು ಒಂದೊಂದು ಹಂತದ ಕೆಲಸ. 1978ರಲ್ಲಿ ಈ ವಿಧಾನ ಅಮೆರಿಕಕ್ಕೂ ಹೋಯಿತು. ಅಲ್ಲಿ ಒಂದು ಒಳ್ಳೆಯ ಕೆಲಸ ನಡೆಯಿತು. ಸರ್ಕಾರದ ಹಣದಲ್ಲಿ ರೋಗಿಗಳನ್ನು ಹತ್ತು ವರ್ಷ ಬಿಡದೆ ಹಿಂಬಾಲಿಸಿ ನೋಡಿದರು. 1994ರಲ್ಲಿ ಬಂದ ಫಲಿತಾಂಶದಲ್ಲಿ 43% ಕಣ್ಣುಗಳು ಪ್ಲಸ್ ಕಡೆಗೆ ಒಂದು ಡಯಾಪ್ಟರ್ (ಅಂದರೆ ಕನ್ನಡಕದ ಒಂದು ನಂಬರ್) ಅಥವಾ ಅದಕ್ಕಿಂತ ಜಾಸ್ತಿ ಜಾರಿದ್ದವು. ಅಂದರೆ ಮೈನಸ್ ಹೋಗಿ, ನಿಧಾನವಾಗಿ ಪ್ಲಸ್ ಬರುತ್ತಿತ್ತು. ಗೀರುಗಳು ಕಾರ್ನಿಯಾದ ಬಲವನ್ನೇ ಕುಗ್ಗಿಸಿದ್ದವು.

1996ರ ಎವರೆಸ್ಟ್ ದುರಂತದಲ್ಲಿ ಬದುಕುಳಿದ ಬೆಕ್ ವೆದರ್ಸ್ ಅವರ ಕಣ್ಣಿಗೂ ಇದೇ ಆಪರೇಷನ್ ಆಗಿತ್ತು. ಎತ್ತರದಲ್ಲಿ ಆಮ್ಲಜನಕ ಕಡಿಮೆಯಾದಾಗ ಗೀರಿದ ಕಾರ್ನಿಯಾ ಆಕಾರ ಬದಲಿಸಿತು. ಅವರಿಗೆ ದಾರಿ ಕಾಣದಂತಾಯಿತು.

ಬ್ಲೇಡಿನ ಜಾಗಕ್ಕೆ ಬೆಳಕು ಬಂದದ್ದು ಕಣ್ಣಿನ ಆಸ್ಪತ್ರೆಯಿಂದಲ್ಲ, ಕಂಪ್ಯೂಟರ್ ಕಂಪನಿಯೊಂದರಿಂದ. ನ್ಯೂಯಾರ್ಕ್ ಹತ್ತಿರದ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಅಲ್ಲಿಯೇ ಓದಿ ಅಮೆರಿಕಕ್ಕೆ ಹೋದ ರಂಗಸ್ವಾಮಿ ಶ್ರೀನಿವಾಸನ್, ಸ್ಯಾಮ್ಯುಯೆಲ್ ಬ್ಲಮ್, ಜೇಮ್ಸ್ ವೈನ್ ಎಂಬ ಮೂವರು ಎಕ್ಸೈಮರ್ ಲೇಸರ್ ಮೇಲೆ ಕೆಲಸ ಮಾಡುತ್ತಿದ್ದರು. 193 ನ್ಯಾನೊಮೀಟರ್ ತರಂಗಾಂತರದ ಈ ಅತಿನೇರಳೆ ಕಿರಣ ಪ್ಲಾಸ್ಟಿಕ್ಕನ್ನು ಸುಡದೆ ಕೆತ್ತುತ್ತಿತ್ತು. ಜೀವಂತ ಅಂಗಾಂಶದ ಮೇಲೆ ಏನಾಗಬಹುದು ಎಂಬ ಪ್ರಶ್ನೆ ಎದ್ದಿತು. 1981ರ ನವೆಂಬರ್ 27ರಂದು ಶ್ರೀನಿವಾಸನ್ ಮನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಲ್ಯಾಬ್‌ಗೆ ತಂದು ಅದರ ಮೃದ್ವಸ್ಥಿಯ ಮೇಲೆ ಲೇಸರ್ ಬಿಟ್ಟರು. ಅಂಚು ಅಚ್ಚುಕಟ್ಟಾಗಿ ಕತ್ತರಿಸಿತ್ತು. ಪಕ್ಕದಲ್ಲಿ ಸುಟ್ಟ ಗುರುತೇ ಇಲ್ಲ. ತಲೆಗೂದಲಿನ ಮೇಲೂ ಕಚ್ಚು ಕೆತ್ತಿ ತೋರಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಕಣ್ಣಿನ ವೈದ್ಯ ಸ್ಟೀಫನ್ ಟ್ರೋಕಲ್ ಇದರ ಬೆಲೆ ಅರಿತರು. 1983ರಲ್ಲಿ ಅವರು ಶ್ರೀನಿವಾಸನ್ ಜೊತೆ ಕಾರ್ನಿಯಾದ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿದರು. 1988ರಲ್ಲಿ ಮಾರ್ಗರೀಟ್ ಮೆಕ್‌ಡೊನಾಲ್ಡ್ ದೃಷ್ಟಿ ಇರುವ ಕಣ್ಣಿಗೆ ಮೊದಲ ಬಾರಿ ಈ ಚಿಕಿತ್ಸೆ ಮಾಡಿದರು. ಇದೇ ಪಿಆರ್‌ಕೆ. ಕಾರ್ನಿಯಾದ ಮೇಲಿನ ತೆಳು ಚರ್ಮವನ್ನು ಸರಿಸಿ, ಅದರಡಿಯ ಪದರವನ್ನು ಲೇಸರ್‌ನಿಂದ ಕೆತ್ತುವುದು. ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 1995ರಲ್ಲಿ ಒಪ್ಪಿಗೆ ಕೊಟ್ಟಿತು.

ಪಿಆರ್‌ಕೆ ಒಳ್ಳೆಯ ವಿಧಾನವೇ. ಇವತ್ತಿಗೂ ಬಳಕೆಯಲ್ಲಿದೆ. ಆದರೆ ಮೂರ್ನಾಲ್ಕು ದಿನ ಕಣ್ಣು ಚೆನ್ನಾಗಿ ನೋಯುತ್ತದೆ. ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಇದಕ್ಕೆ ಪರಿಹಾರ ಬಂದದ್ದು ಇನ್ನೊಂದು ಹಳೆಯ ದಾರಿಯಿಂದ. ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಹೊಸೆ ಬರಾಕರ್ ದಶಕಗಳ ಹಿಂದೆಯೇ ಕಾರ್ನಿಯಾದ ತೆಳುವಾದ ಪದರ ತೆಗೆಯುವ ಉಪಕರಣವನ್ನು ರೂಪಿಸಿದ್ದರು. ಆ ಪದರವನ್ನು ಹೆಪ್ಪುಗಟ್ಟಿಸಿ, ಕಡೆದು, ಮತ್ತೆ ಜೋಡಿಸುತ್ತಿದ್ದರು. 1990ರ ಸುಮಾರಿಗೆ ಗ್ರೀಸ್‌ನ ಕ್ರೀಟ್ ದ್ವೀಪದ ಇಯೊನಿಸ್ ಪಲ್ಲಿಕಾರಿಸ್, ಇಟಲಿಯ ಲೂಚಿಯೊ ಬುರಾಟೊ ಈ ಉಪಕರಣವನ್ನೂ ಎಕ್ಸೈಮರ್ ಲೇಸರನ್ನೂ ಒಟ್ಟುಗೂಡಿಸಿದರು. ಪದರವನ್ನು ಪೂರ್ತಿ ಬಿಡಿಸದೆ ಒಂದು ಬದಿ ಅಂಟಿಕೊಂಡಿರುವಂತೆ ಎತ್ತಿ, ಕೆಳಗೆ ಲೇಸರ್ ಬಿಟ್ಟು, ಮತ್ತೆ ಮುಚ್ಚಿದರು. ಅದು ಲೇಸಿಕ್. ನೋವು ಕಡಿಮೆ, ಮರುದಿನವೇ ಕಾಣುತ್ತದೆ. ಜನ ಮುಗಿಬಿದ್ದದ್ದರಲ್ಲಿ ಆಶ್ಚರ್ಯ ಇಲ್ಲ.

ಮತ್ತೆ ತಡವಾಗಿ ಒಂದು ತೊಂದರೆ ಕಾಣಿಸಿತು. 1998ರಲ್ಲಿ ಜರ್ಮನಿಯ ಥಿಯೊ ಸೈಲರ್ ಮತ್ತು ಸಂಗಡಿಗರು ಲೇಸಿಕ್ ಆದ ಕೆಲವರ ಕಾರ್ನಿಯಾ ತಿಂಗಳುಗಳ ನಂತರ ಮುಂದಕ್ಕೆ ಉಬ್ಬುತ್ತಿರುವುದನ್ನು ವರದಿ ಮಾಡಿದರು. ಇದನ್ನು ಎಕ್ಟೇಸಿಯಾ ಅನ್ನುತ್ತಾರೆ. ಎತ್ತಿದ ಪದರ ಮತ್ತೆ ಕೂತರೂ ಮೊದಲಿನ ಬಲ ಕೊಡುವುದಿಲ್ಲ. ಅದಕ್ಕೇ ಅದರಡಿಯಲ್ಲಿ ಎಷ್ಟು ಉಳಿದಿದೆ ಅನ್ನುವುದು ಮುಖ್ಯ. ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕು ಎಂಬ ಲೆಕ್ಕ ಬಳಕೆಗೆ ಬಂತು. ಅನೇಕ ವೈದ್ಯರು ಇನ್ನೂ ಜಾಸ್ತಿ ಉಳಿಸುತ್ತಾರೆ.

ಈ ಲೆಕ್ಕ ರೋಗಿಗೂ ಗೊತ್ತಿರಬೇಕು. ಕಷ್ಟದ್ದೇನಲ್ಲ. ನಿಮ್ಮ ಕಾರ್ನಿಯಾ 520 ಮೈಕ್ರಾನ್, ನಂಬರ್ ಮೈನಸ್ 8 ಅಂದುಕೊಳ್ಳಿ. ಎತ್ತುವ ಪದರ 110 ಮೈಕ್ರಾನ್. 6 ಮಿಲಿಮೀಟರ್ ಅಗಲಕ್ಕೆ ಲೇಸರ್ ಬಿಟ್ಟರೆ ಒಂದು ಡಯಾಪ್ಟರ್‌ಗೆ ಸುಮಾರು 12 ಮೈಕ್ರಾನ್ ಹೋಗುತ್ತದೆ. ಎಂಟಕ್ಕೆ 96. ಎಲ್ಲ ಕಳೆದರೆ ಉಳಿಯುವುದು 314. 250ರ ಗೆರೆ ದಾಟಿದೆ, ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಇನ್ನೊಂದು ಅಳತೆ ಇದೆ. ಎತ್ತಿದ್ದು, ಕೆತ್ತಿದ್ದು ಎರಡೂ ಸೇರಿ 206 ಮೈಕ್ರಾನ್ ಆಯಿತು. ಒಟ್ಟು ದಪ್ಪದಲ್ಲಿ ಅದು 39.6%. ಈ ಪಾಲು 40% ತಲುಪಿದರೆ ಎಕ್ಟೇಸಿಯಾ ಅಪಾಯ ಏರುತ್ತದೆ ಅಂತ ನಂತರದ ಅಧ್ಯಯನಗಳು ತೋರಿಸಿವೆ. ಕತ್ತಲಲ್ಲಿ ಚೆನ್ನಾಗಿ ಕಾಣಲೆಂದು ಅಗಲ ಹೆಚ್ಚಿಸಿದರೆ ಇನ್ನಷ್ಟು ಹೋಗುತ್ತದೆ. ಒಂದು ಅಳತೆಯಲ್ಲಿ ಪಾಸಾದ ಕಣ್ಣು ಇನ್ನೊಂದರಲ್ಲಿ ಅಂಚಿನಲ್ಲಿ ನಿಲ್ಲುವುದು ಹೀಗೆ. ನಿಮ್ಮ ಕಾರ್ನಿಯಾದ ದಪ್ಪ, ಅಡಿಯಲ್ಲಿ ಉಳಿಯುವುದು, ಎತ್ತಿ ಕೆತ್ತುವ ಶೇಕಡಾ ಪಾಲು, ಈ ಮೂರು ಸಂಖ್ಯೆಗಳನ್ನು ವೈದ್ಯರಿಂದ ಬರೆಸಿಕೊಳ್ಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ದಪ್ಪ ಸಾಕಷ್ಟಿದ್ದರೂ ಆಕಾರ ಸರಿ ಇರಬೇಕು. ಕೆರಟೋಕೋನಸ್ ಎಂಬ ಕಾಯಿಲೆಯಲ್ಲಿ ಕಾರ್ನಿಯಾ ತಾನಾಗಿಯೇ ತೆಳುವಾಗಿ ಶಂಕುವಿನಂತೆ ಚೂಪಾಗುತ್ತದೆ. ಆರಂಭದಲ್ಲಿ ಇದು ಸಾಮಾನ್ಯ ಕನ್ನಡಕದ ಪರೀಕ್ಷೆಯಲ್ಲಿ ಸಿಗುವುದೇ ಇಲ್ಲ. ಸಿಲಿಂಡರ್ ನಂಬರ್ ಸ್ವಲ್ಪ ಏರುತ್ತಿದೆ ಅನ್ನಿಸುತ್ತದೆ, ಅಷ್ಟೇ. ಅಂಥ ಕಣ್ಣಿಗೆ ಲೇಸರ್ ಬಿಟ್ಟರೆ ಕಾಯಿಲೆಗೆ ಬಾಗಿಲು ತೆರೆದಂತೆ. ಬ್ರಿಟನ್ನಿನ ಅಧ್ಯಯನಗಳಲ್ಲಿ ದಕ್ಷಿಣ ಏಷ್ಯಾ ಮೂಲದವರಲ್ಲಿ ಈ ಕಾಯಿಲೆ ಅಲ್ಲಿನ ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚಾಗಿ ಕಂಡಿದೆ. ಅಲರ್ಜಿಯಿಂದ ಸದಾ ಕಣ್ಣು ಉಜ್ಜುವವರಲ್ಲೂ ಜಾಸ್ತಿ. ಧೂಳು, ಪರಾಗದ ಊರುಗಳಲ್ಲಿ ಇರುವ ನಮಗೆ ಇದು ದೂರದ ಮಾತಲ್ಲ. ಕಾರ್ನಿಯಾದ ಮುಂದಿನ ಮತ್ತು ಹಿಂದಿನ ಮೈಯನ್ನು ಬಣ್ಣದ ನಕ್ಷೆಯಲ್ಲಿ ತೋರಿಸುವ ಟೊಮೊಗ್ರಫಿ ಪರೀಕ್ಷೆ ಇದಕ್ಕಾಗಿಯೇ ಇದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ ಕಾರ್ನಿಯಾ ಅದರ ಒತ್ತಡಕ್ಕೆ ಆಕಾರ ಬದಲಿಸಿರುತ್ತದೆ. ಮೆತ್ತನೆಯದನ್ನು ಒಂದೆರಡು ವಾರ, ಗಟ್ಟಿಯದನ್ನು ಇನ್ನೂ ಹೆಚ್ಚು ಕಾಲ ಬಿಟ್ಟು ಬಂದರೆ ಮಾತ್ರ ನಕ್ಷೆ ನಂಬಬಹುದು. ಬೆಳಗ್ಗೆ ಲೆನ್ಸ್ ತೆಗೆದು ಮಧ್ಯಾಹ್ನ ಪರೀಕ್ಷೆ ಮಾಡಿಸಿ ಸಂಜೆ ಆಪರೇಷನ್ ಅಂದರೆ ಎದ್ದು ಬನ್ನಿ.

ಮುಂದಿನ ಹೆಜ್ಜೆಗೆ ಕಾರಣವಾದದ್ದು ಒಂದು ಅಪಘಾತ. 1993ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಜೆರಾರ್ ಮೂರೂ ಅವರ ಲ್ಯಾಬ್‌ನ ವಿದ್ಯಾರ್ಥಿಯೊಬ್ಬರ ಕಣ್ಣಿಗೆ ಫೆಮ್ಟೊಸೆಕೆಂಡ್ ಲೇಸರ್, ಅಂದರೆ ಅತಿ ಚಿಕ್ಕ ಮಿಡಿತಗಳಲ್ಲಿ ಹೊಮ್ಮುವ ಲೇಸರ್, ತಾಗಿತು. ಪರೀಕ್ಷಿಸಿದ ವೈದ್ಯ ರಾನ್ ಕರ್ಟ್ಜ್ ಆ ಗಾಯ ಎಷ್ಟು ಚೊಕ್ಕವಾಗಿದೆ ಅಂತ ಬೆರಗಾದರು. ಅಲ್ಲಿಂದ ಬ್ಲೇಡ್ ಇಲ್ಲದೆ ಲೇಸರ್‌ನಿಂದಲೇ ಕಾರ್ನಿಯಾದ ಪದರ ಬಿಡಿಸುವ ಯಂತ್ರ ಬಂತು. ಈ ಲೇಸರ್‌ಗೆ ಆಧಾರವಾದ ತಂತ್ರಕ್ಕೆ ಜೆರಾರ್ ಮೂರೂ ಮತ್ತು ಡೊನ್ನಾ ಸ್ಟ್ರಿಕ್‌ಲ್ಯಾಂಡ್ 2018ರಲ್ಲಿ ನೊಬೆಲ್ ಪಡೆದರು. ಇದೇ ಲೇಸರ್‌ನಿಂದ ಕಾರ್ನಿಯಾದ ಒಳಗೇ ಮಸೂರದಂಥ ತುಂಡು ಬಿಡಿಸಿ, 2ರಿಂದ 4 ಮಿಲಿಮೀಟರ್ ಸೀಳಿನಿಂದ ಹೊರಗೆಳೆಯುವುದೇ ಸ್ಮೈಲ್. ಜರ್ಮನಿಯ ವಾಲ್ಟರ್ ಸೆಕುಂಡೊ, ಮಾರ್ಕುಸ್ ಬ್ಲಮ್ ಇದನ್ನು ರೂಪಿಸಿದರು. 2016ರಲ್ಲಿ ಎಫ್‌ಡಿಎ ಒಪ್ಪಿತು. ಇದರಲ್ಲಿ ಮುಚ್ಚಳದಂಥ ಪದರ ಇಲ್ಲದ್ದರಿಂದ ಪೆಟ್ಟು ಬಿದ್ದರೆ ಅದು ಸರಿದುಹೋಗುವ ಭಯ ಇಲ್ಲ. ಕಬಡ್ಡಿ, ಬಾಕ್ಸಿಂಗ್ ಆಡುವವರಿಗೆ ಪಿಆರ್‌ಕೆ ಅಥವಾ ಸ್ಮೈಲ್ ಹೇಳುವುದು ಅದಕ್ಕೇ. ಆದರೆ ನಂಬರ್ ಸ್ವಲ್ಪ ಉಳಿದರೆ ಸ್ಮೈಲ್ ನಂತರ ತಿದ್ದುವುದು ಲೇಸಿಕ್‌ನಷ್ಟು ಸುಲಭವಲ್ಲ. ಎಕ್ಟೇಸಿಯಾ ಇದರ ನಂತರವೂ ಆದ ಉದಾಹರಣೆಗಳಿವೆ. ಹೊಸ ಮೆಷಿನ್ ಬಂದರೂ ತೆಳ್ಳಗಿನ ಕಾರ್ನಿಯಾ ತೆಳ್ಳಗೇ ಇರುತ್ತದೆ. ಅಂಥವರಿಗೆ, ನಂಬರ್ ತುಂಬಾ ಇರುವವರಿಗೆ, ಕಣ್ಣಿನೊಳಗೆ ಲೆನ್ಸ್ ಕೂರಿಸುವ ಐಸಿಎಲ್ ಎಂಬ ಬೇರೆ ದಾರಿ ಇದೆ. ಅದಕ್ಕೆ ಅದರದೇ ಅಪಾಯಗಳಿವೆ.

ರೋಗಿಗಳ ದೂರುಗಳಿಗೆ ಕಿವಿಗೊಟ್ಟದ್ದು ಇನ್ನೂ ತಡವಾಗಿ. 2008ರಲ್ಲಿ ಎಫ್‌ಡಿಎ ಬಹಿರಂಗ ವಿಚಾರಣೆ ನಡೆಸಿದಾಗ ಒಣಗಣ್ಣು, ರಾತ್ರಿ ದೀಪದ ಸುತ್ತ ಪ್ರಭೆ, ಬಿಡದ ನೋವು ಎಂದು ಅನೇಕರು ಹೇಳಿಕೊಂಡರು. ಅಕ್ಷರ ಓದಿಸುವ ಚಾರ್ಟಿನ ಪ್ರಕಾರ ಇವರೆಲ್ಲ ಯಶಸ್ವಿ ರೋಗಿಗಳೇ ಆಗಿದ್ದಿರಬಹುದು. ಆಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 95%ಕ್ಕೂ ಹೆಚ್ಚು ಮಂದಿ ತಮ್ಮ ದೃಷ್ಟಿಯ ಬಗ್ಗೆ ತೃಪ್ತರಾಗಿದ್ದರು. ಅದೇ ಹೊತ್ತಿಗೆ, ಮೊದಲು ಪ್ರಭೆ, ಮಿನುಗಿನಂಥ ಯಾವ ತೊಂದರೆಯೂ ಇಲ್ಲದವರಲ್ಲಿ 40%ಕ್ಕೂ ಹೆಚ್ಚು ಜನರಿಗೆ ಮೂರು ತಿಂಗಳ ಹೊತ್ತಿಗೆ ಅಂಥದ್ದೊಂದು ಹೊಸದಾಗಿ ಕಾಣಿಸಿತ್ತು. ಮೊದಲು ಒಣಗಣ್ಣಿಲ್ಲದವರಲ್ಲಿ ಸುಮಾರು 28% ಮಂದಿಗೆ ಅದು ಬಂದಿತ್ತು. ದಿನದ ಕೆಲಸಕ್ಕೇ ತೀವ್ರ ಅಡ್ಡಿಯಾದವರು 1%ಕ್ಕಿಂತ ಕಡಿಮೆ. ತೃಪ್ತಿಯ ಮಾತು, ತೊಂದರೆಯ ಮಾತು ಎರಡನ್ನೂ ಒಟ್ಟಿಗೆ ಹೇಳಬೇಕು. ಜಾಹೀರಾತಿನಲ್ಲಿ ಮೊದಲನೆಯದು ಮಾತ್ರ ಬರುತ್ತದೆ, ಅದೇ ನನಗೆ ಬೇಸರ. ಅಪಾಯಗಳನ್ನು ರೋಗಿಗೆ ಬಿಡಿಸಿ ಹೇಳಬೇಕೆಂದು 2022ರಲ್ಲಿ ಎಫ್‌ಡಿಎ ಕರಡು ಸೂಚನೆ ತಂದಾಗ ಅಲ್ಲಿನ ಕಣ್ಣಿನ ವೈದ್ಯರ ಸಂಘಟನೆಗಳು ಆಕ್ಷೇಪ ಎತ್ತಿದವು.

ದಿನವಿಡೀ ಸ್ಕ್ರೀನ್ ನೋಡುವ ಕೆಲಸವಿದ್ದರೆ ಕಣ್ಣಿನ ಪಸೆಯ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಒಣಗಣ್ಣು ಮೊದಲೇ ಇದ್ದರೆ ಅದನ್ನು ವಾಸಿ ಮಾಡಿಕೊಂಡ ಮೇಲೆಯೇ ಲೇಸರ್ ಮಾತು. ನಂಬರ್ ಒಂದು ವರ್ಷವಾದರೂ ನಿಂತಿರಬೇಕು. ಗರ್ಭಿಣಿಯರು, ಎದೆಹಾಲು ಕುಡಿಸುತ್ತಿರುವವರು ಮುಂದೂಡಬೇಕು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಮದುವೆಗೆ ಮುಂಚೆ ಕನ್ನಡಕ ತೆಗೆಸಿಬಿಡಿ ಅಂತ ಮನೆಯವರೇ ಅವಸರ ಮಾಡುವುದಿದೆ. ಛತ್ರ ಬುಕ್ ಆದ ದಿನಾಂಕ ನೋಡಿ ಕಣ್ಣಿನ ಆಪರೇಷನ್ ಗೊತ್ತುಮಾಡುವುದು ಸರಿಯಲ್ಲ. ಸೇನೆಗೆ ಸೇರಬೇಕೆಂಬ ಹುಡುಗರು ಆಯಾ ಅಧಿಸೂಚನೆಯಲ್ಲಿ ಲೇಸರ್ ಬಗ್ಗೆ ಇರುವ ನಿಯಮವನ್ನು ಮೊದಲು ಓದಬೇಕು. ವಯಸ್ಸು, ಆಪರೇಷನ್ ಆಗಿ ಕಳೆದ ಸಮಯ ಎಲ್ಲದಕ್ಕೂ ಅಲ್ಲಿ ಮಿತಿ ಇರುತ್ತದೆ.

ನಲವತ್ತು ದಾಟಿದ ಮೇಲೆ ಚಾಳೀಸು ಬಂದೇ ಬರುತ್ತದೆ. ಅದು ಕಣ್ಣಿನೊಳಗಿನ ಮಸೂರದ ವಿಷಯ, ಲೇಸರ್ ಅದನ್ನು ತಡೆಯುವುದಿಲ್ಲ. ಹಾಗೆಯೇ ಮೈನಸ್ ನಂಬರ್ ಜಾಸ್ತಿ ಇದ್ದವರ ಕಣ್ಣುಗುಡ್ಡೆ ಉದ್ದವಾಗಿಯೇ ಉಳಿಯುತ್ತದೆ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ಹರಿಯುವ, ಕಳಚುವ ಅಪಾಯ ಕನ್ನಡಕದ ಜೊತೆ ಹೋಗುವುದಿಲ್ಲ. ಒಮ್ಮೆಗೇ ಮಿಂಚು ಹೊಳೆದಂತೆ, ಕಪ್ಪು ಚುಕ್ಕೆ ತೇಲಿದಂತೆ ಕಂಡರೆ ಅದೇ ದಿನ ತೋರಿಸಬೇಕು. ಕಾರ್ನಿಯಾ ತೆಳುವಾದ ಮೇಲೆ ಕಣ್ಣಿನ ಒತ್ತಡ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಕಾಯಿಲೆ ಹೀಗೆ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು. ಮುಂದೆ ಪೊರೆ ಆಪರೇಷನ್ನಿಗೆ ಲೆನ್ಸ್ ಪವರ್ ಲೆಕ್ಕ ಹಾಕುವಾಗಲೂ ಹಳೆಯ ಅಳತೆಗಳು ಬೇಕಾಗುತ್ತವೆ. ಆದ್ದರಿಂದ ಲೇಸರ್‌ಗೆ ಮುಂಚಿನ ಎಲ್ಲ ರಿಪೋರ್ಟುಗಳ ಪ್ರತಿ ಮನೆಯಲ್ಲಿರಲಿ. ಮೂವತ್ತು ವರ್ಷದ ಮೇಲೆ ಆ ಆಸ್ಪತ್ರೆ ಇರುತ್ತದೋ ಇಲ್ಲವೋ.

ಲೇಸರ್ ಆದವರು ಕಣ್ಣು ದಾನ ಮಾಡಬಹುದಾ ಎಂಬ ಅನುಮಾನವೂ ಅನೇಕರಿಗಿದೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬೇರ್ಪಡಿಸಿ ಬೆಂಗಳೂರಿನಲ್ಲಿ ನಾಲ್ವರಿಗೆ ಕಸಿ ಮಾಡಿದ್ದು ನೆನಪಿರಬಹುದು. ಲೇಸರ್ ಕೆತ್ತುವುದು ಮುಂದಿನ ಭಾಗವನ್ನು. ಹಿಂದಿನ ಪದರ ಚೆನ್ನಾಗಿದ್ದರೆ ಅದನ್ನಷ್ಟೇ ಬೇಕಾದ ರೋಗಿಗೆ ಕಸಿ ಮಾಡಬಹುದು. ಕಣ್ಣು ತೆಗೆದುಕೊಳ್ಳಲು ಬಂದ ನೇತ್ರ ಬ್ಯಾಂಕಿನವರಿಗೆ ಲೇಸರ್ ಆಗಿತ್ತು ಅನ್ನುವುದನ್ನು ಮನೆಯವರು ಮರೆಯದೆ ತಿಳಿಸಬೇಕು.